ನಿಂತೇ ನೋಡುವವರ ಊರಲ್ಲಿ ನಾಲ್ಕು ದಿನ

ಟೆಕ್ಸಸ್‌ನ ಕಾಲೇಜ್ ಸ್ಟೇಷನ್‌ನಲ್ಲಿ ಮೊದಲು ಬಂದದ್ದು ಕಾಲೇಜು, ಆಮೇಲೆ ಅದಕ್ಕೊಂದು ರೈಲು ನಿಲ್ದಾಣ, ಕೊನೆಗೆ ಊರು. ಕಾಲೇಜು ಬಾಗಿಲು ತೆರೆದದ್ದು 1876ರಲ್ಲಿ. ಊರು ನಗರವೆನಿಸಿಕೊಂಡದ್ದು 1938ರಲ್ಲಿ. ಕೃಷಿ ಮತ್ತು ಯಂತ್ರವಿದ್ಯೆ ಕಲಿಸಲೆಂದು ಶುರುವಾದ ಆ ಕಾಲೇಜೇ ಇಂದಿನ ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯ. ಅದರ ಫುಟ್‌ಬಾಲ್ ತಂಡಕ್ಕೆ, ಹಾಗೆಯೇ ಅಲ್ಲಿ ಓದಿದ ಪ್ರತಿಯೊಬ್ಬರಿಗೂ, ಆ್ಯಗಿ ಎಂದು ಹೆಸರು. ಕೃಷಿ ಎಂಬ ಇಂಗ್ಲಿಷ್ ಪದದ ಮೊಟಕು ರೂಪ ಅದು.

ಇಲ್ಲಿ ಫುಟ್‌ಬಾಲ್ ಎಂದರೆ ಕೈಯಲ್ಲಿ ಚೆಂಡು ಹಿಡಿದು ಓಡುವ ಅಮೆರಿಕನ್ ಆಟ. ಒಂದು ಕಡೆಗೆ ಹನ್ನೊಂದು ಆಟಗಾರರು, ನೂರು ಯಾರ್ಡ್ ಉದ್ದದ ಅಂಕಣ. ನಾಲ್ಕು ಯತ್ನಗಳಲ್ಲಿ ಹತ್ತು ಯಾರ್ಡ್ ಮುಂದೆ ಹೋದರೆ ಮತ್ತೆ ನಾಲ್ಕು ಯತ್ನ ಸಿಗುತ್ತದೆ, ಹೋಗದಿದ್ದರೆ ಚೆಂಡು ಎದುರಾಳಿಗೆ. ಗೆರೆ ದಾಟಿಸಿದರೆ ಆರು ಅಂಕ, ಕಂಬಗಳ ನಡುವೆ ಒದ್ದರೆ ಮೂರು. ಹದಿನೈದು ನಿಮಿಷದ ನಾಲ್ಕು ಪಾಳಿಗಳೆಂದು ಲೆಕ್ಕವಿದ್ದರೂ ಗಡಿಯಾರ ಮತ್ತೆ ಮತ್ತೆ ನಿಲ್ಲುವುದರಿಂದ ಪಂದ್ಯ ಮುಗಿಯಲು ಮೂರೂವರೆ ಗಂಟೆ ಬೇಕು. ಇಷ್ಟು ಗೊತ್ತಿದ್ದರೆ ಸಾಕು. ನಾಲ್ಕು ದಿನ ಇಟ್ಟುಕೊಂಡು ಹೋಗಬೇಕಾದ್ದು ಆಟ ನೋಡಲಿಕ್ಕಲ್ಲ, ಆಟ ನೋಡುವವರನ್ನು ನೋಡಲಿಕ್ಕೆ.

ಗುರುವಾರ

ಹ್ಯೂಸ್ಟನ್ ವಿಮಾನ ನಿಲ್ದಾಣದಿಂದ ಕಾರಿನಲ್ಲಿ ಸುಮಾರು ಒಂದೂವರೆ ಗಂಟೆಯ ದಾರಿ. ಊರಿನಲ್ಲೇ ಈಸ್ಟರ್‌ವುಡ್ ಎಂಬ ಚಿಕ್ಕ ನಿಲ್ದಾಣವಿದೆ, ಆದರೆ ಪಂದ್ಯದ ವಾರ ಅಲ್ಲಿಗೆ ಸೀಟು ಸಿಗುವುದು ಕಷ್ಟ. ಕೋಣೆಯದು ಇನ್ನೂ ದೊಡ್ಡ ತಾಪತ್ರಯ. ಪಂದ್ಯವಿರುವ ವಾರಾಂತ್ಯದಲ್ಲಿ ಹೆಚ್ಚಿನ ಹೋಟೆಲುಗಳು ಒಂದೇ ರಾತ್ರಿಗೆ ಕೋಣೆ ಕೊಡುವುದಿಲ್ಲ, ಕನಿಷ್ಠ ಎರಡು ರಾತ್ರಿ ಹಿಡಿಯಲೇಬೇಕು. ಇನ್ನೊಂದು ಎಡವಟ್ಟು ಪಂದ್ಯದ ವೇಳೆಯದು. ಅದನ್ನು ಗೊತ್ತುಮಾಡುವುದು ಟಿವಿ ವಾಹಿನಿಗಳು. ಎಷ್ಟೋ ಪಂದ್ಯಗಳ ನಿಖರ ಸಮಯ ಒಂದೆರಡು ವಾರ ಮುಂಚೆಯಷ್ಟೇ ತಿಳಿಯುತ್ತದೆ. ಶನಿವಾರ ಬೆಳಿಗ್ಗೆ ಹನ್ನೊಂದಕ್ಕೂ ಇರಬಹುದು, ರಾತ್ರಿಯೂ ಇರಬಹುದು. ಶನಿವಾರ ಸಂಜೆಗೆ ವಾಪಸು ಟಿಕೆಟ್ ಮಾಡಿಸಿಕೊಂಡವರು ಅರ್ಧ ಪಂದ್ಯಕ್ಕೇ ಎದ್ದು ಹೊರಡಬೇಕಾಗುತ್ತದೆ.

ಗುರುವಾರವೇ ತಲುಪಿದರೆ ಕೈಲ್ ಫೀಲ್ಡ್ ಕ್ರೀಡಾಂಗಣದ ಬಳಿ ವಿದ್ಯಾರ್ಥಿಗಳ ಟಿಕೆಟ್ ಸರತಿಯ ಕೊನೆಯ ದಿನ ನೋಡಸಿಗುತ್ತದೆ. ಸೋಮವಾರ ಕೊನೆಯ ವರ್ಷದವರು, ಮಂಗಳವಾರ ಮೂರನೆಯವರು, ಬುಧವಾರ ಎರಡನೆಯವರು, ಗುರುವಾರ ಹೊಸಬರು. ಒಳ್ಳೆಯ ಜಾಗ ಮೊದಲ ದಿನವೇ ಖಾಲಿಯಾಗುತ್ತದೆ, ಆದ್ದರಿಂದ ದೊಡ್ಡ ಪಂದ್ಯಗಳಿಗೆ ಹಿಂದಿನ ದಿನವೇ ಗುಡಾರ ಹಾಕಿ ಮಲಗುತ್ತಾರೆ. ಹೊಸಬರಿಗೆ ಸಿಗುವುದು ಆಕಾಶಕ್ಕೆ ಹತ್ತಿರದ ಮೇಲಂತಸ್ತು. ಅದಕ್ಕೆ ಯಾರೂ ಗೊಣಗುವುದಿಲ್ಲ, ಮೂರು ವರ್ಷ ಕಳೆದರೆ ತಾವೂ ಕೆಳಗಿಳಿಯುತ್ತೇವೆಂದು ಗೊತ್ತು. ಹೊಸಬರನ್ನು ಇಲ್ಲಿ ‘ಫಿಶ್’ ಎನ್ನುತ್ತಾರೆ. ಗೆಲುವಿನ ಕೇಕೆಯಾದ ‘ವೂಪ್’ ಹಾಕುವ ಹಕ್ಕು ಮೂರನೇ ವರ್ಷದವರಿಗೆ ಮತ್ತು ಅವರ ಮೇಲಿನವರಿಗೆ ಮಾತ್ರ. ಗೊತ್ತಿಲ್ಲದ ಪ್ರವಾಸಿಗಳು ಹಾಕಿದರೆ ಯಾರೂ ಬೈಯುವುದಿಲ್ಲ, ಸುತ್ತಲಿನವರು ಸುಮ್ಮನೆ ನಗುತ್ತಾರೆ.

ಕ್ರೀಡಾಂಗಣದ ಹೊರಗೆ ಇ. ಕಿಂಗ್ ಗಿಲ್ ಎಂಬುವನ ಪ್ರತಿಮೆಯಿದೆ. ಇಲ್ಲಿಯ ಸಂಪ್ರದಾಯಗಳ ಬೇರು ಇವನು. 1922ರ ಜನವರಿ 2ರಂದು ಡಲ್ಲಾಸ್‌ನಲ್ಲಿ ಡಿಕ್ಸಿ ಕ್ಲಾಸಿಕ್ ಎಂಬ ಪಂದ್ಯ ನಡೆಯಿತು. ಎದುರಾಳಿ ಕೆಂಟಕಿಯ ಸೆಂಟರ್ ಕಾಲೇಜು, ಕೆಲವೇ ತಿಂಗಳ ಹಿಂದೆ ಹಾರ್ವರ್ಡನ್ನು 6–0ಯಿಂದ ಸೋಲಿಸಿದ್ದ ತಂಡ. ಆ್ಯಗಿಗಳ ಆಟಗಾರರು ಒಬ್ಬೊಬ್ಬರಾಗಿ ಪೆಟ್ಟು ತಿಂದು ಹೊರಬೀಳತೊಡಗಿದರು, ಬದಲಿಗೆ ಇಳಿಸಲು ಜನ ಉಳಿಯುವುದೇ ಅನುಮಾನವಾಯಿತು. ಗಿಲ್ ಫುಟ್‌ಬಾಲ್ ಬಿಟ್ಟು ಬ್ಯಾಸ್ಕೆಟ್‌ಬಾಲ್‌ಗೆ ಹೋಗಿದ್ದವನು. ಅಂದು ಪತ್ರಕರ್ತರ ಕೋಣೆಯಲ್ಲಿ ಕೂತು ಆಟಗಾರರನ್ನು ಗುರುತು ಹಿಡಿದು ಹೇಳುತ್ತಿದ್ದ. ತರಬೇತುದಾರ ಡಾನಾ ಎಕ್ಸ್. ಬೈಬಲ್ ಅವನನ್ನು ಕೆಳಗೆ ಕರೆಸಿದರು. ಪೆಟ್ಟು ತಿಂದಿದ್ದವನೊಬ್ಬನ ಸಮವಸ್ತ್ರ ತೊಟ್ಟು ಗಿಲ್ ಅಂಕಣದ ಅಂಚಿನಲ್ಲಿ ನಿಂತ. ಪಂದ್ಯ 22–14ರಿಂದ ಗೆಲುವಾಯಿತು. ಗಿಲ್‌ಗೆ ಒಂದು ಕ್ಷಣವೂ ಆಡುವ ಸಂದರ್ಭ ಬರಲಿಲ್ಲ. ನಿಂತದ್ದಷ್ಟೇ ಅವನ ಕೆಲಸ. ಹನ್ನೊಂದು ಜನರ ಆಟದಲ್ಲಿ ಹನ್ನೆರಡನೆಯವನು ಎಂಬ ಮಾತು ಇಲ್ಲಿ ಗಟ್ಟಿಯಾದದ್ದು ಹೀಗೆ. 1919ರಲ್ಲಿ ಎದುರಾಳಿಗಳಿಗೆ ಒಂದೇ ಒಂದು ಅಂಕವನ್ನೂ ಬಿಟ್ಟುಕೊಡದೆ ಹತ್ತಕ್ಕೆ ಹತ್ತೂ ಪಂದ್ಯ ಗೆದ್ದ, ಒಟ್ಟು 275–0 ಲೆಕ್ಕದ ತಂಡವೊಂದು ಇದೇ ಕಾಲೇಜಿನಲ್ಲಿತ್ತು. ಆ ಆಟಗಾರರ ಹೆಸರು ಯಾರ ಬಾಯಲ್ಲೂ ಇಲ್ಲ, ಆಡದೆ ನಿಂತವನದು ಎಲ್ಲರ ಬಾಯಲ್ಲಿದೆ.

ಶುಕ್ರವಾರ

ಬೆಳಗಿನ ತಂಪಿನಲ್ಲೇ ಆವರಣ ಸುತ್ತಿಬಿಡಬೇಕು. ಸೆಪ್ಟೆಂಬರಿನ ಬಿಸಿಲು ಹತ್ತು ಗಂಟೆಗೇ ಏರಿರುತ್ತದೆ. ಮೆಮೋರಿಯಲ್ ಸ್ಟೂಡೆಂಟ್ ಸೆಂಟರ್ ಎಂಬ ಕಟ್ಟಡದೊಳಗೆ ಹೋಗುವಾಗ ಟೊಪ್ಪಿಗೆ ತೆಗೆಯಬೇಕು, ಸುತ್ತಲಿನ ಹುಲ್ಲಿನ ಮೇಲೆ ಕಾಲಿಡಬಾರದು. ಯುದ್ಧಗಳಲ್ಲಿ ಸತ್ತ ಆ್ಯಗಿಗಳ ಸ್ಮಾರಕ ಅದು. ಬೋರ್ಡು ನೋಡದೆ ಹುಲ್ಲು ದಾಟಲು ಹೊರಟವರನ್ನು ಯಾರಾದರೊಬ್ಬ ವಿದ್ಯಾರ್ಥಿ ತಡೆದೇ ತಡೆಯುತ್ತಾನೆ, ಮೊದಲು ‘ಹೌಡಿ’ ಎಂದು ನಮಸ್ಕರಿಸಿ.

ಸೈನಿಕ ಶಿಸ್ತು ಇಲ್ಲಿ ಸುಮ್ಮನೆ ಬಂದದ್ದಲ್ಲ. 1965ರವರೆಗೆ ಕೆಡೆಟ್ ಪಡೆಗೆ ಸೇರುವುದು ಕಡ್ಡಾಯವಾಗಿತ್ತು. ಹುಡುಗಿಯರಿಗೆ ಪ್ರವೇಶ ಸಿಕ್ಕಿದ್ದೇ 1963ರಲ್ಲಿ. ಈಗ ಕೆಡೆಟ್‌ಗಳು ಒಟ್ಟು ವಿದ್ಯಾರ್ಥಿಗಳಲ್ಲಿ ಸಣ್ಣ ಪಾಲಷ್ಟೇ, ಆದರೆ ಸಂಪ್ರದಾಯದ ಬೀಗದ ಕೈ ಇನ್ನೂ ಅವರ ಸೊಂಟದಲ್ಲೇ ಇದೆ. ಆ ಪಡೆಯಲ್ಲಿ ಅತಿ ಉನ್ನತ ದರ್ಜೆ ಯಾರದು ಎಂದರೆ ರೆವೆಲಿ ಎಂಬ ಹೆಣ್ಣು ನಾಯಿಯದು. ಐದು ವಜ್ರದ ಗುರುತು ಅವಳಿಗೆ ಮಾತ್ರ. ಮೊದಲನೆಯವಳು 1931ರಲ್ಲಿ ಕೆಡೆಟ್‌ಗಳ ಕಾರಿಗೆ ಸಿಕ್ಕು ಗಾಯಗೊಂಡ, ಯಾವ ಜಾತಿಯದೆಂದು ಹೇಳಲಾಗದ ಕಪ್ಪು ಬಿಳುಪು ನಾಯಿ. ಕೋಣೆಯಲ್ಲಿ ಬಚ್ಚಿಟ್ಟಿದ್ದರು. ಬೆಳಿಗ್ಗೆ ಎಬ್ಬಿಸುವ ಕಹಳೆ ಊದಿದಾಗ ಬೊಗಳಿ ಸಿಕ್ಕಿಬಿದ್ದಳು, ಆ ಕಹಳೆಯ ಹೆಸರೇ ಅವಳದಾಯಿತು. 1966ರಿಂದೀಚೆಗೆ ಇರುವುದು ಉದ್ದ ಕೂದಲಿನ ಕಾಲಿ ತಳಿ. ಹೊಸ ಕೆಡೆಟ್‌ಗಳು ಅವಳನ್ನು ಮಾತಾಡಿಸುವಾಗ ‘ಮ್ಯಾಮ್’ ಎನ್ನಬೇಕು. ಅವಳು ಯಾರದಾದರೂ ಹಾಸಿಗೆ ಏರಿ ಮಲಗಿದರೆ ಹಾಸಿಗೆಯವನು ನೆಲಕ್ಕಿಳಿಯಬೇಕು. ತರಗತಿಯಲ್ಲಿ ಬೊಗಳಿದರೆ ಪಾಠ ಮುಗಿಯಿತೆಂದು ವಾಡಿಕೆ. ಎಷ್ಟು ಮೇಷ್ಟ್ರು ಅದನ್ನು ಪಾಲಿಸುತ್ತಾರೋ ಬೇರೆ ಮಾತು.

ಕ್ರೀಡಾಂಗಣದ ಉತ್ತರ ತುದಿಯ ಹೊರಗೆ ಸತ್ತ ರೆವೆಲಿಗಳ ಸಮಾಧಿಗಳಿವೆ. ಮೊದಲು ಅವು ಅಂಕಣದ ಅಂಚಿಗೇ ಇದ್ದವು, ಸ್ಕೋರ್ ಬೋರ್ಡು ಕಾಣುತ್ತಿತ್ತು. 1990ರ ದಶಕದ ಕೊನೆಗೆ ಉತ್ತರದ ಸ್ಟ್ಯಾಂಡ್ ಎದ್ದು ನೋಟ ಮುಚ್ಚಿಹೋಯಿತು. ಅದಕ್ಕೆಂದೇ ಸಮಾಧಿಗಳಿಗೆ ಕಾಣುವಂತೆ ಹೊರಗಡೆ ಒಂದು ಪುಟ್ಟ ಸ್ಕೋರ್ ಬೋರ್ಡು ಹಾಕಿದ್ದಾರೆ. ಪಂದ್ಯದ ದಿನ ಅದರಲ್ಲಿ ಅಂಕ ಬರುತ್ತಲೇ ಇರುತ್ತದೆ.

ಮಧ್ಯಾಹ್ನ ಮಲಗಿಬಿಡುವುದು ಲೇಸು, ರಾತ್ರಿ ನಿದ್ದೆಯಿಲ್ಲ. ಶುಕ್ರವಾರ ನಡುರಾತ್ರಿ ಹನ್ನೆರಡಕ್ಕೆ ಕೈಲ್ ಫೀಲ್ಡ್‌ನಲ್ಲಿ ಮಿಡ್‌ನೈಟ್ ಯೆಲ್, ಅಂದರೆ ಮರುದಿನದ ಪಂದ್ಯಕ್ಕೆ ಕೂಗುಗಳ ಅಭ್ಯಾಸ. ಟಿಕೆಟ್ ಬೇಡ. ಇಪ್ಪತ್ತು ಸಾವಿರಕ್ಕೂ ಮಿಕ್ಕಿ ಜನ ಸೇರುವುದುಂಟು, ಆದ್ದರಿಂದ ಹನ್ನೊಂದೂಕಾಲರೊಳಗೆ ಒಳಗಿರಬೇಕು. ಇದು ಶುರುವಾದದ್ದು 1931ರಲ್ಲಿ, ಹಾಸ್ಟೆಲ್ ಕೋಣೆಯೊಂದರಲ್ಲಿ ಸೇರಿದ್ದ ಕೆಡೆಟ್‌ಗಳ ಹರಟೆಯಿಂದ. ಹೊಸಬರನ್ನೆಲ್ಲ ನಡುರಾತ್ರಿ ವೈಎಂಸಿಎ ಕಟ್ಟಡದ ಮೆಟ್ಟಿಲ ಹತ್ತಿರ ಕರೆಸಿದರೆ ಹೇಗೆ ಎಂದರು. ಕೂಗು ಹಾಕಿಸುವ ಹಿರಿಯ ಯೆಲ್ ಲೀಡರುಗಳು ಅನುಮತಿ ಕೊಡಲಾಗದು, ಆದರೆ ನಾವೂ ಅತ್ತ ಬಂದೇವು ಎಂದರಂತೆ. ಹೂಕುಂಡಗಳಲ್ಲಿ ರೈಲ್ವೆಯವರ ಉರಿಗಡ್ಡಿ ಸಿಕ್ಕಿಸಿ ಬೆಳಕು ಮಾಡಿದರು. ಮರುವರ್ಷ ಅಧಿಕೃತವಾಯಿತು.

ಯೆಲ್ ಲೀಡರುಗಳೆಂದರೆ ಚಿಯರ್‌ಲೀಡರುಗಳಲ್ಲ. ಆ ಪದ ಇಲ್ಲಿ ಆಡಲೇಬಾರದು. ಇಡೀ ವಿದ್ಯಾರ್ಥಿ ಸಮುದಾಯ ಮತ ಹಾಕಿ ಆರಿಸುವ ಐವರು, ಮೂವರು ಕೊನೆಯ ವರ್ಷದವರು, ಇಬ್ಬರು ಮೂರನೆಯವರು. ಪಂದ್ಯಕ್ಕೆ ಬಿಳಿ ಉಡುಪು. ಕುಣಿತ, ಪಿರಮಿಡ್ಡು ಯಾವುದೂ ಇಲ್ಲ, ಕೈಸನ್ನೆ ಮಾತ್ರ. ಯಾವ ಕೂಗು ಎಂಬುದನ್ನು ಸನ್ನೆಯಲ್ಲಿ ತೋರಿಸುತ್ತಾರೆ. ಮುಂದಿನ ಸಾಲಿನವರು ಅದೇ ಸನ್ನೆಯನ್ನು ಹಿಂದಕ್ಕೆ ದಾಟಿಸುತ್ತಾರೆ, ಹಿಂದಿನವರು ಇನ್ನೂ ಹಿಂದಕ್ಕೆ. ಸನ್ನೆ ಮೇಲಂತಸ್ತಿನವರೆಗೆ ಏರುವುದನ್ನು ಕಣ್ಣಲ್ಲಿ ಹಿಂಬಾಲಿಸಬಹುದು. ಆಮೇಲೆ ಎಲ್ಲರೂ ಮಂಡಿಗೆ ಕೈಯೂರಿ ಮುಂದಕ್ಕೆ ಬಾಗುತ್ತಾರೆ. ಬೆನ್ನು ಬಾಗಿಸಿ ಹೊಟ್ಟೆಯಿಂದ ಕೂಗಿದರೆ ಗಂಟಲು ಬೇಗ ಒಡೆಯುವುದಿಲ್ಲ. ನೆಟ್ಟಗೆ ನಿಂತು ಗಂಟಲಿನಿಂದ ಅರಚಿದವರ ದನಿ ಶನಿವಾರ ಬೆಳಿಗ್ಗೆಗೇ ಹೋಗಿರುತ್ತದೆ.

ಪಂಜು ಹಿಡಿದ ಯೆಲ್ ಲೀಡರುಗಳು ಬ್ಯಾಂಡಿನೊಡನೆ ಒಳಬರುತ್ತಾರೆ, ಕೂಗುಗಳ ನಡುವೆ ಎದುರಾಳಿಯನ್ನು ಹಂಗಿಸುವ ಕಟ್ಟುಕತೆ ಹೇಳುತ್ತಾರೆ. ಕತೆಗಳು ಸಾಮಾನ್ಯವಾಗಿ ಕಳಪೆ, ಆದರೆ ನಗು ಮಾತ್ರ ಬರುತ್ತದೆ. ಹೆಬ್ಬೆರಳು ಮೇಲೆತ್ತಿ ‘ಗಿಗ್ ಎಮ್’ ಎನ್ನುವುದೂ ಇಂಥದೇ ಸಭೆಯಲ್ಲಿ ಹುಟ್ಟಿದ್ದು. 1930ರಲ್ಲಿ ಟಿಸಿಯು (ಟೆಕ್ಸಸ್ ಕ್ರಿಶ್ಚಿಯನ್ ವಿಶ್ವವಿದ್ಯಾಲಯ) ತಂಡದ ವಿರುದ್ಧದ ಪಂದ್ಯಕ್ಕೆ ಮುನ್ನ ಪಿಂಕಿ ಡೌನ್ಸ್ ಎಂಬ ಹಳೇ ವಿದ್ಯಾರ್ಥಿ ಹೇಳಿದ್ದು. ಎದುರಾಳಿಯ ಹೆಸರಿನಲ್ಲಿ ಕಪ್ಪೆಯಿತ್ತು, ಗಿಗ್ ಎಂದರೆ ಕಪ್ಪೆ ತಿವಿಯುವ ಈಟಿ. ಆ ‘ಕೊಂಬಿನ ಕಪ್ಪೆ’ ನಿಜದಲ್ಲಿ ಓತಿಕೇತದ ಜಾತಿಯದು ಎಂಬುದನ್ನು ಅಂದು ಯಾರೂ ಲೆಕ್ಕಕ್ಕೆ ತೆಗೆದುಕೊಂಡಂತಿಲ್ಲ. ಕೊನೆಗೆ ದೀಪ ಆರುತ್ತವೆ. ಜೊತೆಗಾರರಿರುವವರು ಮುತ್ತು ಕೊಡುತ್ತಾರೆ. ಇಲ್ಲದವರು ಲೈಟರ್ ಹೊತ್ತಿಸಿ ಎತ್ತಿ ಹಿಡಿಯುತ್ತಾರೆ, ತಮ್ಮಂಥ ಇನ್ನೊಬ್ಬರು ಎಲ್ಲಿದ್ದಾರೆಂದು ಕಾಣಲಿ ಅಂತ.

ಶನಿವಾರ

ಚೀಲದ ನಿಯಮದಲ್ಲಿ ರಾಜಿಯಿಲ್ಲ. ಪಾರದರ್ಶಕವಾಗಿರಬೇಕು, 12 ಇಂಚು ಉದ್ದ, 12 ಎತ್ತರ, 6 ಅಗಲ ಮೀರಬಾರದು. ಅದಲ್ಲದೆ ಅಂಗೈಯಗಲದ ಪರ್ಸ್ ಒಂದು. ಬೆನ್ನುಚೀಲ ಹೊತ್ತು ಬಂದವರು ಬಾಗಿಲಿನಿಂದ ಕಾರಿಗೆ ಮರಳಬೇಕಾಗುತ್ತದೆ, ಕಾರು ನಿಂತಿರುವುದು ಒಂದೆರಡು ಮೈಲಿ ಆಚೆ. ಕ್ರೀಡಾಂಗಣದ ಪಕ್ಕದಲ್ಲೇ ವೆಲ್‌ಬಾರ್ನ್ ರಸ್ತೆ, ಅದಕ್ಕೆ ತಾಗಿ ರೈಲು ಹಳಿ. ಈಗಲೂ ಗೂಡ್ಸ್ ಗಾಡಿಗಳು ಓಡುತ್ತವೆ. ಹಳಿಯ ಆಚೆ ಬದಿಯಲ್ಲಿ ಕಾರು ನಿಲ್ಲಿಸಿದವರು ದಾಟುವ ದಾರಿಯನ್ನು ಮೊದಲೇ ನೋಡಿಟ್ಟುಕೊಳ್ಳಬೇಕು.

ಸೀಟು ಕೊಳ್ಳುವಾಗ ದಿಕ್ಕು ಮುಖ್ಯ. ಪೂರ್ವದ ಸ್ಟ್ಯಾಂಡು ವಿದ್ಯಾರ್ಥಿಗಳದು, ಮಧ್ಯಾಹ್ನದ ಪಂದ್ಯದಲ್ಲಿ ಸೂರ್ಯ ಅವರ ಮುಖಕ್ಕೇ. ಪಶ್ಚಿಮದ ಕಡೆ ಬೇಗ ನೆರಳು ಬೀಳುತ್ತದೆ. ವಿದ್ಯಾರ್ಥಿಗಳ ಬದಿಯಲ್ಲಿ ಕೂರುವ ಮಾತೇ ಇಲ್ಲ. ಗಿಲ್ ನಿಂತ ಹಾಗೆ ಕರೆ ಬಂದರೆ ಇಳಿಯಲು ಸಿದ್ಧ ಎಂಬ ಅರ್ಥದಲ್ಲಿ ಇಡೀ ಪಂದ್ಯ ನಿಂತೇ ನೋಡುತ್ತಾರೆ. ಮಂಡಿನೋವಿನವರು ಆ ಕಡೆ ಟಿಕೆಟ್ ಹಿಡಿದರೆ ಎದುರಿನವರ ಬೆನ್ನು ಬಿಟ್ಟು ಬೇರೇನೂ ಕಾಣುವುದಿಲ್ಲ.

ಕೈಲ್ ಫೀಲ್ಡ್ ಎಂಬ ಹೆಸರು ತೋಟಗಾರಿಕೆಯ ಪ್ರಾಧ್ಯಾಪಕ ಎಡ್ವಿನ್ ಜಾಕ್ಸನ್ ಕೈಲ್ ಅವರದು. 1904ರಲ್ಲಿ ತಮ್ಮ ವಿಭಾಗಕ್ಕೆ ಕೊಟ್ಟಿದ್ದ ಜಮೀನಿನ ಒಂದು ತುಂಡಿಗೆ ಬೇಲಿ ಹಾಕಿ ಆಟಕ್ಕೆ ಬಿಟ್ಟವರು. ಕಾಂಕ್ರೀಟಿನ ಸ್ಟ್ಯಾಂಡು ಬಂದದ್ದು 1920ರ ದಶಕದಲ್ಲಿ. ಈಗ 1,02,733 ಜನ ಹಿಡಿಸುತ್ತದೆ. 2014ರ ಅಕ್ಟೋಬರ್ 11ರಂದು ಓಲ್ ಮಿಸ್ ಎಂದು ಕರೆಯುವ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ವಿರುದ್ಧ 1,10,633 ಜನ ಸೇರಿದ್ದರು. ಪಂದ್ಯದಲ್ಲಿ ಆ್ಯಗಿಗಳು ಸೋತರು. ಸೋತರು ಎನ್ನಬಾರದು, ಸಮಯ ಸಾಲದಾಯಿತು ಎನ್ನಬೇಕು. ಆ್ಯಗಿಗಳು ಎಂದೂ ಸೋಲುವುದಿಲ್ಲ, ಗಡಿಯಾರ ಮೊದಲೇ ಮುಗಿದುಹೋಗುತ್ತದೆ ಎಂಬುದು ಇಲ್ಲಿಯ ನಂಬಿಕೆ.

ಕೂಗಿಗೂ ಒಂದು ಲೆಕ್ಕವಿದೆ, ಹೊಸಬರು ತಪ್ಪುವುದು ಇಲ್ಲೇ. ನಮ್ಮ ತಂಡದ ಕೈಯಲ್ಲಿ ಚೆಂಡಿದ್ದಾಗ ಸುಮ್ಮನಿರಬೇಕು. ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ತನ್ನವರಿಗೆ ಬಾಯಿಮಾತಲ್ಲಿ ಆಜ್ಞೆ ಕೊಡುತ್ತಿರುತ್ತಾನೆ, ಅದು ಕೇಳಬೇಕು. ಎದುರಾಳಿ ಚೆಂಡು ಹಿಡಿದಾಗ, ಅದರಲ್ಲೂ ಮೂರನೇ ಯತ್ನದಲ್ಲಿ, ಇದ್ದಬದ್ದ ಉಸಿರನ್ನೆಲ್ಲ ಹಾಕಬೇಕು. ಆಜ್ಞೆ ಕೇಳಿಸದೆ ಅವರಲ್ಲೊಬ್ಬ ಆತುರಕ್ಕೆ ಬಿದ್ದು ಮೊದಲೇ ಅಲುಗಿದರೆ ಐದು ಯಾರ್ಡ್ ದಂಡ. ಮೂರನೇ ಯತ್ನದಲ್ಲಿ ಇನ್ನೆರಡು ಯಾರ್ಡ್ ಬೇಕಿದ್ದವರಿಗೆ ಏಳು ಬೇಕಾದರೆ ಆಟದ ಲೆಕ್ಕವೇ ಬದಲಾಗುತ್ತದೆ. ಹನ್ನೆರಡನೆಯವನು ಆಟ ಆಡುವುದೆಂದರೆ ಇದೇ. ಅಂಪೈರ್ ತೀರ್ಪು ಹಿಡಿಸದಿದ್ದರೆ ಬೇರೆ ಊರುಗಳ ಹಾಗೆ ‘ಬೂ’ ಎನ್ನುವುದಿಲ್ಲ, ಹಾವಿನಂತೆ ಬುಸುಗುಡುತ್ತಾರೆ. ಲಕ್ಷ ಜನ ಒಟ್ಟಿಗೆ ಬುಸುಗುಟ್ಟಿದಾಗ ಅದು ಕೂಗಿಗಿಂತ ಹೆದರಿಕೆ ಹುಟ್ಟಿಸುತ್ತದೆ. ತಂಡ ಅಂಕ ಗಳಿಸಿದಾಗಲೆಲ್ಲ ಜೋಡಿಗಳು ಮುತ್ತಿಕ್ಕುವುದೂ ವಾಡಿಕೆ.

1983ರಲ್ಲಿ ತರಬೇತುದಾರ ಜ್ಯಾಕಿ ಶೆರಿಲ್ ಹನ್ನೆರಡನೆಯವನು ಎಂಬ ಮಾತನ್ನು ಅಕ್ಷರಶಃ ತೆಗೆದುಕೊಂಡರು. ಪಂದ್ಯ ಆರಂಭಿಸುವ ಒದೆತಕ್ಕೆ, ಒದೆಯುವವನೊಬ್ಬನನ್ನು ಬಿಟ್ಟು, ವಿದ್ಯಾರ್ಥಿವೇತನವಿಲ್ಲದ ಸಾಮಾನ್ಯ ಹುಡುಗರನ್ನೇ ಆರಿಸಿ ನಿಲ್ಲಿಸಿದರು. ಆ ಪಡೆ ಎದುರಾಳಿಗಳನ್ನು ಚೆನ್ನಾಗಿಯೇ ತಡೆಯಿತು. ಮುಂದೆ ಅದು ಒಬ್ಬನಿಗೆ ಇಳಿಯಿತು. ಇಂದು 12ನೇ ನಂಬರಿನ ಅಂಗಿ ತೊಡುವುದು ಅಂಥ ಒಬ್ಬ ಹುಡುಗ. ‘ಹನ್ನೆರಡನೆಯವನು’ ಎಂಬ ಹೆಸರಿಗೆ ವಿಶ್ವವಿದ್ಯಾಲಯ 1990ರಲ್ಲಿ ಟ್ರೇಡ್‌ಮಾರ್ಕ್ ನೋಂದಾಯಿಸಿಕೊಂಡಿದೆ. ಅದೇ ಹೆಸರು ಬಳಸುತ್ತಿದ್ದ ವೃತ್ತಿಪರ ತಂಡ ಸಿಯಾಟಲ್ ಸೀಹಾಕ್ಸ್ ಮೇಲೆ ದಾವೆ ಹೂಡಿ 2006ರಲ್ಲಿ ರಾಜಿಯೂ ಆಯಿತು. ಭಾವನೆಗೆ ಕಾಗದಪತ್ರದ ಭದ್ರತೆ.

ಮಧ್ಯಂತರದಲ್ಲಿ ನೀರಿಗೆ, ತಿಂಡಿಗೆ ಎದ್ದು ಹೋಗುವುದು ಹೊರಗಿನವರ ಲಕ್ಷಣ. ಊರಿನವರು ಅಲುಗುವುದಿಲ್ಲ, ಬ್ಯಾಂಡು ಬರುವ ಹೊತ್ತು. 1894ರಲ್ಲಿ ಹುಟ್ಟಿದ ಈ ಬ್ಯಾಂಡಿನಲ್ಲಿ ಮುನ್ನೂರಕ್ಕೂ ಹೆಚ್ಚು ಜನ, ಎಲ್ಲರೂ ಕೆಡೆಟ್‌ಗಳು. ಸಿನಿಮಾ ಹಾಡಿಲ್ಲ, ಕುಣಿತವಿಲ್ಲ, ಸೈನ್ಯದ ಪಥಸಂಚಲನದ ಗತ್ತಷ್ಟೇ. ಸಾಲುಗಳು ನಾಲ್ಕು ದಿಕ್ಕಿನಿಂದ ಬಂದು ಒಂದರೊಳಗೊಂದು ಹಾದು, ಕೊಳಲಿಗೆ ಕಹಳೆ ತಾಗದಂತೆ ಆಚೆ ಹೊರಬರುತ್ತವೆ. ಹೆಜ್ಜೆಯ ಉದ್ದ ಒಬ್ಬನದು ತಪ್ಪಿದರೂ ಡಿಕ್ಕಿ. ಸುಮ್ಮನೆ ಕಣ್ಣು ಒಂದೇ ಸಾಲಿನ ತುದಿಯಲ್ಲಿಟ್ಟು ಹಿಂಬಾಲಿಸಿದರೆ ಇದರ ಕೌಶಲ ತಿಳಿಯುತ್ತದೆ, ಇಡೀ ಅಂಕಣ ನೋಡಲು ಹೋದರೆ ತಪ್ಪಿಹೋಗುತ್ತದೆ.

ಪಂದ್ಯದ ನಡುವೆ ಹಲವು ಸಲ ಮೊಳಗುವ ಹಾಡು ಆ್ಯಗಿ ವಾರ್ ಹಿಮ್. ಮೊದಲ ಮಹಾಯುದ್ಧದ ಕೊನೆಗೆ, 1918ರಲ್ಲಿ, ರೈನ್ ನದಿಯ ದಂಡೆಯಲ್ಲಿ ಪಹರೆ ಕಾಯುತ್ತಿದ್ದ ಜೆ. ವಿ. ‘ಪಿಂಕಿ’ ವಿಲ್ಸನ್ ಎಂಬ ಆ್ಯಗಿ ಬರೆದದ್ದು. ಯುರೋಪಿನಲ್ಲಿ ಯುದ್ಧ ಮುಗಿಸಿ ಕೂತವನಿಗೆ ನೆನಪಾದದ್ದು ಆಸ್ಟಿನ್‌ನಲ್ಲಿರುವ ಎದುರಾಳಿ ವಿಶ್ವವಿದ್ಯಾಲಯ! ಹಾಡಿನ ಕೊನೆಗೆ ಎಲ್ಲರೂ ಅಕ್ಕಪಕ್ಕದವರ ಹೆಗಲ ಮೇಲೆ ಕೈಹಾಕಿ ಎಡಕ್ಕೂ ಬಲಕ್ಕೂ ತೂಗುತ್ತಾರೆ. ಒಂದು ಸಾಲು ಎಡಕ್ಕೆ ಹೋದರೆ ಮುಂದಿನದು ಬಲಕ್ಕೆ, ಆ ಎದುರಾಳಿಯ ಲಾಂಛನವಾದ ಎತ್ತಿನ ಕೊಂಬು ಗರಗಸದಲ್ಲಿ ಕೊಯ್ದ ಹಾಗೆ. ಮೇಲಂತಸ್ತಿನಲ್ಲಿ ಕಾಂಕ್ರೀಟು ಅಲುಗುವುದು ಅಂಗಾಲಿಗೆ ಗೊತ್ತಾಗುತ್ತದೆ. ಮೊದಲ ಸಲ ಹೋದವರು ಹೆದರಿ ಕೂರಲು ನೋಡುತ್ತಾರೆ. ಪಕ್ಕದವರು ಬಿಡುವುದಿಲ್ಲ.

ಗೆದ್ದರೆ ಕೊನೆಯ ಸೀಟಿಯಾದ ಕೂಡಲೇ ಹೊಸ ಕೆಡೆಟ್‌ಗಳು ಅಂಕಣಕ್ಕೆ ನುಗ್ಗಿ ಯೆಲ್ ಲೀಡರುಗಳನ್ನು ಅಟ್ಟಿಸಿಕೊಂಡು ಹೋಗಿ ಹಿಡಿದು, ಹೊತ್ತೊಯ್ದು, ಆವರಣದ ಫಿಶ್ ಪಾಂಡ್ ಎಂಬ ಕಾರಂಜಿ ಕೊಳಕ್ಕೆ ಎಸೆಯುತ್ತಾರೆ. ಒದ್ದೆ ಬಟ್ಟೆಯಲ್ಲೇ ವೈಎಂಸಿಎ ಮೆಟ್ಟಿಲ ಬಳಿ ಮತ್ತೊಂದು ಸುತ್ತು ಕೂಗು. ಸಮಯ ಸಾಲದಿದ್ದ ದಿನ ಕೊಳವಿಲ್ಲ, ವಿದ್ಯಾರ್ಥಿಗಳು ನಿಂತಲ್ಲೇ ಉಳಿದು ಮುಂದಿನ ಪಂದ್ಯಕ್ಕೆಂದು ಕೂಗು ಹಾಕುತ್ತಾರೆ. ಎರಡರಲ್ಲಿ ಯಾವುದಾದರೂ ಸರಿ, ನೋಡಿಯೇ ಹೊರಡುವುದು ಒಳ್ಳೆಯದು. ಪಂದ್ಯ ಮುಗಿದ ಮೊದಲ ಒಂದು ಗಂಟೆ ರಸ್ತೆಗಳೆಲ್ಲ ಹೇಗೂ ಹೂತುಹೋಗಿರುತ್ತವೆ.

ಭಾನುವಾರ

ಊರು ಖಾಲಿಯಾದ ಮೇಲೆ ಆವರಣದ ಈಶಾನ್ಯ ಭಾಗಕ್ಕೆ, ಬಾನ್‌ಫೈರ್ ಸ್ಮಾರಕಕ್ಕೆ ಹೋಗಬೇಕು. ಬಾಗಿಲಿಲ್ಲ, ಟಿಕೆಟ್ಟಿಲ್ಲ.

ಆಸ್ಟಿನ್ ವಿರುದ್ಧದ ಪಂದ್ಯಕ್ಕೆ ಮುನ್ನ ಬೆಂಕಿ ಹಾಕುವ ಪದ್ಧತಿ ಆವರಣದೊಳಗೆ ಶುರುವಾದದ್ದು 1909ರಲ್ಲಿ, ಕಸಕಡ್ಡಿಯ ರಾಶಿಯಾಗಿ. ಬರಬರುತ್ತಾ ಅದು ತಿಂಗಳುಗಟ್ಟಲೆಯ ಕೆಲಸವಾಯಿತು. ವಿದ್ಯಾರ್ಥಿಗಳೇ ಕೊಡಲಿಯಿಂದ ಮರ ಕಡಿಯುವುದು, ಲಾರಿಗೆ ಹೇರುವುದು, ಆಮೇಲೆ ಒಟ್ಟುವುದು. ನಡುವೆ ಕಂಬ, ಅದರ ಸುತ್ತ ದಿಮ್ಮಿಗಳನ್ನು ನೆಟ್ಟಗೆ ನಿಲ್ಲಿಸಿ ತಂತಿಯಿಂದ ಕಟ್ಟುವುದು, ಅದರ ಮೇಲೆ ಇನ್ನೊಂದು ಅಂತಸ್ತು, ಮದುವೆ ಕೇಕಿನ ಹಾಗೆ. 1969ರಲ್ಲಿ ಎತ್ತರ 109 ಅಡಿ ಮುಟ್ಟಿತು. ನಂತರ ಮಿತಿ ಹಾಕಿದರು.

1999ರ ನವೆಂಬರ್ 18ರ ನಸುಕಿನ 2 ಗಂಟೆ 42 ನಿಮಿಷಕ್ಕೆ, ಒಟ್ಟುವ ಕೆಲಸ ನಡೆಯುತ್ತಿದ್ದಾಗಲೇ, 59 ಅಡಿಯ ರಾಶಿ ಕುಸಿಯಿತು. ಹನ್ನೆರಡು ಜನ ಸತ್ತರು, ಇಪ್ಪತ್ತೇಳು ಜನ ಗಾಯಗೊಂಡರು. ತನಿಖಾ ಆಯೋಗದ ವರದಿ 2000ದಲ್ಲಿ ಬಂತು. ಮೇಲಂತಸ್ತಿನ ದಿಮ್ಮಿಗಳನ್ನು ಕೆಳಗಿನವುಗಳ ಸಂದಿಗೆ ಬೆಣೆಯಂತೆ ಬಿಗಿದದ್ದರಿಂದ ಕೆಳಗಿನ ಅಂತಸ್ತು ಹೊರಕ್ಕೆ ಒತ್ತಿಕೊಂಡಿತ್ತು. ಆ ಒತ್ತಡ ತಡೆಯುವಷ್ಟು ತಂತಿಯ ಕಟ್ಟು ಗಟ್ಟಿಯಿರಲಿಲ್ಲ. ಹಿಂದಿನ ವರ್ಷಗಳಲ್ಲಿ ಕೆಳ ಅಂತಸ್ತಿಗೆ ಸುತ್ತುತ್ತಿದ್ದ ಉಕ್ಕಿನ ಕೇಬಲ್ ಆ ವರ್ಷ ಇರಲಿಲ್ಲ. ಎಂಜಿನಿಯರಿಂಗ್ ಕಲಿಸುವ ವಿಶ್ವವಿದ್ಯಾಲಯದ ನಡುವೆ, ಎಂಜಿನಿಯರ್ ಹಾಕಿದ ನಕ್ಷೆಯಿಲ್ಲದೆ, ಹಿರಿಯರಿಂದ ಕಿರಿಯರಿಗೆ ಬಾಯಿಂದ ಬಾಯಿಗೆ ಬಂದ ತಿಳಿವಳಿಕೆಯ ಮೇಲೆ ಅಷ್ಟೆತ್ತರ ಕಟ್ಟುತ್ತಿದ್ದರು. ಎಂಟು ದಿನಗಳ ಮೇಲೆ ಪಂದ್ಯ ನಡೆಯಿತು, ಆ್ಯಗಿಗಳು 20–16ರಿಂದ ಗೆದ್ದರು. ಬಾನ್‌ಫೈರ್ ಆವರಣಕ್ಕೆ ಮರಳಲಿಲ್ಲ. ಹೊರಗೆ, ವಿಶ್ವವಿದ್ಯಾಲಯದ ಒಪ್ಪಿಗೆಯಿಲ್ಲದೆ, ವಿದ್ಯಾರ್ಥಿಗಳು ಈಗಲೂ ಒಂದನ್ನು ಕಟ್ಟುತ್ತಾರೆ. ಆ ಪಂದ್ಯವೇ 2011ರ ನಂತರ ನಿಂತುಹೋಗಿತ್ತು, ಎರಡೂ ತಂಡ ಒಂದೇ ಕೂಟಕ್ಕೆ ಸೇರಿದ ಮೇಲೆ 2024ರ ನವೆಂಬರ್ 30ರಂದು ಕೈಲ್ ಫೀಲ್ಡ್‌ನಲ್ಲಿ ಮತ್ತೆ ಶುರುವಾಯಿತು. ಆಸ್ಟಿನ್‌ನವರು 17–7ರಿಂದ ಗೆದ್ದರು.

ಸ್ಮಾರಕದ ಹಾದಿಯಲ್ಲಿ 89 ಗ್ರ್ಯಾನೈಟ್ ಕಲ್ಲುಗಳಿವೆ, ಬೆಂಕಿ ಹೊತ್ತಿದ ಒಂದೊಂದು ವರ್ಷಕ್ಕೆ ಒಂದೊಂದು. ನಡುವೆ 1963ರ ಜಾಗದಲ್ಲಿ ಸಾಲು ತುಂಡಾಗಿದೆ. ಆ ವರ್ಷ ಅಧ್ಯಕ್ಷ ಕೆನಡಿ ಹತ್ಯೆಯಾಗಿ, ಒಟ್ಟಿದ್ದ ರಾಶಿಯನ್ನು ಬಿಚ್ಚಿಬಿಟ್ಟಿದ್ದರು. ಹಾದಿ ಮುಗಿದಲ್ಲಿ 170 ಅಡಿ ವ್ಯಾಸದ ವೃತ್ತ. ಅದರಲ್ಲಿ ಹನ್ನೆರಡು ಬಾಗಿಲುಗಳು, ಬಾಗಿಲುಗಳನ್ನು ಜೋಡಿಸುವ ಇಪ್ಪತ್ತೇಳು ಕಲ್ಲುಗಳು. ಬಾಗಿಲಿನ ಒಳಗೆ ಒಬ್ಬೊಬ್ಬರದು ಮುಖ, ಹೆಸರು. ವೃತ್ತದ ನಡುವೆ ಕಂಬವಿದ್ದ ಜಾಗದಲ್ಲಿ ಗುರುತು ಹಾಕಿದ್ದಾರೆ. ಪ್ರತಿ ನವೆಂಬರ್ 18ರಂದು 2:42ಕ್ಕೆ ಜನ ಬಂದು ಇಲ್ಲಿ ನಿಲ್ಲುತ್ತಾರೆ. ಹನ್ನೆರಡು ಬಾಗಿಲುಗಳೂ ಒಂದೇ ಅಂತರದಲ್ಲಿಲ್ಲ, ಏಕೆಂದು ಮೊದಲಿಗೆ ತಿಳಿಯುವುದಿಲ್ಲ. ನಡುವೆ ನಿಂತು ಒಂದೊಂದರ ಮೂಲಕ ಹೊರಗೆ ನೋಡಿದರೆ, ಆಚೆ ಕಾಣುವುದು ಆ ವಿದ್ಯಾರ್ಥಿಯ ಹುಟ್ಟೂರಿನ ದಿಕ್ಕು.